ಎತ್ತಿನ ಜೊತೆ ಕಲಿತ ಓಟ

ಮೋಟಾರು ಕಂಡರೆ ಎತ್ತು ಬೆದರುತ್ತಿದ್ದ ಕಾಲ ಅದು. ಗೋಕಾಕದಲ್ಲಿ ಪ್ರತಿವರ್ಷ ಯುಗಾದಿಗೆ ಓಟದ ಪಂದ್ಯ ಇಡುತ್ತಿದ್ದರು. ಊರ ಬಯಲಿನಿಂದ ಹೊರಟು, ಗುಡ್ಡದ ದಾರಿ ಹತ್ತಿ, ತುದಿ ಮುಟ್ಟಿ, ಮತ್ತೆ ಬಯಲಿಗೇ ಬರಬೇಕು. ನಮ್ಮೂರು ಘೋಡಗೇರಿಯಿಂದ ಓಡಲು ನಾನೊಬ್ಬನೇ ಹೋಗುತ್ತಿದ್ದೆ, ಸೋತು ಬರುತ್ತಿದ್ದೆ. ಗೆಲ್ಲುತ್ತಿದ್ದವನು ಮಸಗುಪ್ಪಿಯ ಒಬ್ಬ ಎತ್ತರದ ಮನುಷ್ಯ. ಅವನ ಬೆನ್ನು ನನಗೆ ಎಷ್ಟು ಪರಿಚಯವಾಗಿತ್ತೆಂದರೆ, ಎದುರಿಗೆ ಬಂದು ನಿಂತಿದ್ದರೆ ಗುರುತೇ ಸಿಗುತ್ತಿರಲಿಲ್ಲ.

ಒಂದು ವರ್ಷವಂತೂ ಸೋಲಿಗೆ ನನ್ನ ಕಿವಿಯೇ ಕಾರಣ. ನಾನು ಗುಡ್ಡ ಹತ್ತುವಾಗ ರಸ್ತೆ ಬದಿಯಿಂದ ಅಪ್ಪ, "ದಮ್ ಹಿಡಿಯೋ, ದಮ್ ಹಿಡಿ" ಎಂದು ಕೂಗಿದ. ನಮ್ಮ ಕಡೆ ಹಾಗೆಂದರೆ ತಾಳು, ಅವಸರ ಮಾಡಬೇಡ ಎಂದರ್ಥ. ರೊಟ್ಟಿ ಬೇಯುವ ಮೊದಲೇ ಕೈ ಚಾಚಿದರೆ ಅವ್ವ ದಿನಾ ಹೇಳುತ್ತಿದ್ದ ಮಾತು ಅದು. ಆದರೆ ದಮ್ ಎಂದರೆ ಉಸಿರೂ ಹೌದಲ್ಲ. ಓಟದ ಭರದಲ್ಲಿ ನಾನು ಅದನ್ನೇ ಹಿಡಿದುಕೊಂಡೆ. ಬಾಯಿ ಮುಚ್ಚಿ, ಉಸಿರು ಕಟ್ಟಿ ಓಡಿದೆ. ಕಣ್ಣಿಗೆ ಕತ್ತಲು ಕವಿದು ಬಿದ್ದೆ.

ಬಂಡಿಯಲ್ಲಿ ಮನೆಗೆ ಮರಳುವಾಗ ಅಪ್ಪ ಹೇಳಿದ: "ಇನ್ನೊಂದ್ ವರ್ಷ ನೋಡ್ತೇನಿ. ಮತ್ತ ಸೋತಿ ಅಂದ್ರ ಓಟಾ ಬಿಟ್ಟು ಹೊಲಾ ನೋಡ್ಕೊಂಡಿರು." ಅವನು ಸುಮ್ಮನೆ ಮಾತಾಡುವವನಲ್ಲ. ಓಟ ಬಿಟ್ಟು ಹೇಗೆ ಬದುಕಬೇಕೆಂದು ನನಗೆ ತಿಳಿಯಲಿಲ್ಲ.

ಮಳೆಗಾಲ ಮುಗಿದು ಕಬ್ಬಿಗೆ ಬಾವಿಯಿಂದ ನೀರೆತ್ತುವುದು ಶುರುವಾಯಿತು. ಅಪ್ಪ ಹಗ್ಗದ ಮೇಲೆ ಕೂತು ಕಪಲಿ ಎತ್ತು ಹೊಡೆಯುತ್ತಿದ್ದ. ಎತ್ತುಗಳು ಹಗ್ಗ ಜಗ್ಗುತ್ತ ಇಳಿಜಾರಿನಲ್ಲಿ ಜೋರಾಗಿ ಇಳಿಯುತ್ತಿದ್ದವು. ಹಗ್ಗದ ತುದಿಗೆ ಕಟ್ಟಿದ ಕಪಲಿಯ ತೊಗಲಿನ ಚೀಲ ಬಾವಿಯಿಂದ ಮೇಲೆ ಬಂದು ನೀರು ಸುರಿದ ಮೇಲೆ ಹಿಂದೆ ಹಿಂದೆ ಹೆಜ್ಜೆಯಿಡುತ್ತ ನಿಧಾನವಾಗಿ ಬಾವಿಗೆ ಮರಳುತ್ತಿದ್ದವು. ಜಗ್ಗಾಟ, ಸುಧಾರಿಕೆ, ಮತ್ತೆ ಜಗ್ಗಾಟ. ಸಂಜೆತನಕ ಹೀಗೇ ದುಡಿದರೂ ಬೀಳುತ್ತಿರಲಿಲ್ಲ. ನಾನು ನೋಡಿದರೆ ಇಡೀ ದಾರಿ ಒಂದೇ ಸಮನೆ ಓಡಿ ಸಾಯುತ್ತಿದ್ದೆ.

ಮರುದಿನ ಪಕ್ಕದ ಬದುವಿನ ಮೇಲೆ ನಾನೂ ಶುರುಮಾಡಿದೆ. ಎತ್ತು ಜಗ್ಗುವಾಗ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಓಡುವುದು, ಅವು ಹಿಂದೆ ಸರಿಯುವಾಗ ನಡೆದು ಬರುವುದು. ಮೊದಲು ತೊಡೆ ಕಲ್ಲಾದವು. ಎದೆ ಉರಿಯಿತು, ಬಾಯಲ್ಲಿ ಕಬ್ಬಿಣದ ರುಚಿ ಬಂತು, ರೊಟ್ಟಿ ಸೇರಲಿಲ್ಲ. ಆಮೇಲೆ ಒಂದು ಸೋಜಿಗ ಕಂಡೆ: ಎತ್ತು ಬಾವಿ ಮುಟ್ಟುವ ಮೊದಲೇ ನನ್ನ ಉಸಿರು ಹತೋಟಿಗೆ ಬರತೊಡಗಿತು. ಎದೆ ಅದೇ, ಗಾಳಿ ಅದೇ. ಸಿಕ್ಕ ಗಾಳಿಯನ್ನು ಪೋಲು ಮಾಡದೆ ದುಡಿಸಿಕೊಳ್ಳಲು ಮೈ ಕಲಿತಿತ್ತು.

ಆಸೆ ಹೆಚ್ಚಿತು. ನಮ್ಮಲ್ಲಿ ಸೋಮವಾರ ಬಸವನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನಾನು ಸೋಮವಾರವೂ ಓಡಿದೆ. ದಿನೇದಿನೇ ಕಾಲು ಭಾರವಾಗಿ, ಕಡೆಗೆ ಎತ್ತುಗಳು ನೀರು ಸುರಿಯುವ ಹೊತ್ತಿಗೆ ನಾನಿನ್ನೂ ಅರ್ಧ ಬದುವಿನಲ್ಲಿರುತ್ತಿದ್ದೆ. ಓಟ ಹೋಯಿತೆಂದು ಹೆದರಿಬಿಟ್ಟೆ.

"ಎತ್ತಿಗೆ ಸ್ವಾಮಾರ ಐತಿ, ನಿನಗಿಲ್ಲೇನು?" ಎಂದ ಅಪ್ಪ. "ಎತ್ತಿಗಿಂತ ಗಟ್ಟಿ ಅದಿ ಏನ್ ನೀ?"

ಅಲ್ಲಿಂದ ಸೋಮವಾರ ಬಂತೆಂದರೆ ಎತ್ತುಗಳ ಪಕ್ಕ ಬೇವಿನ ನೆರಳಲ್ಲಿ ಬಿದ್ದುಕೊಳ್ಳುತ್ತಿದ್ದೆ. ಸ್ವಲ್ಪ ದಿನಗಳಲ್ಲಿ ಕಾಲಿಗೆ ಹೊಸ ಜೀವ ಬಂತು.

ಯುಗಾದಿ ದಿನ ಮಸಗುಪ್ಪಿಯ ಬೆನ್ನು ಎಂದಿನಂತೆ ಮುಂದೆ ಹೋಯಿತು. ಗುಡ್ಡದ ಬುಡದಲ್ಲಿ ಅಪ್ಪ, "ದಮ್ ಹಿಡಿ" ಎಂದ. ಈ ಸಲ ಸರಿಯಾಗಿ ಕೇಳಿಸಿತು. ಬಾಯಿ ತೆರೆದು ಉಸಿರಾಡುತ್ತ, ಕಾಲನ್ನು ಬಿಗಿಹಿಡಿದು, ತುದಿ ಮುಟ್ಟುವ ತನಕ ತಾಳಿದೆ. ಮರಳುವ ದಾರಿಯಲ್ಲಿ ಒಂದು ಜಗ್ಗಾಟ ಹಾಕಿದೆ, ತುಸು ಸುಧಾರಿಸಿಕೊಂಡೆ, ಮತ್ತೆ ಜಗ್ಗಿದೆ. ಅವನ ಏದುಸಿರು ಕಿವಿಗೆ ಬಿತ್ತು. ಮತ್ತೊಂದು ಜಗ್ಗಾಟಕ್ಕೆ ಪಕ್ಕಕ್ಕೆ ಬಂದು ಕೊನೆಗೂ ಅವನ ಮುಖ ನೋಡಿದೆ. ಮೀಸೆಯಿತ್ತು.

ಬಯಲಿಗೆ ನಾನೇ ಮೊದಲು ಬಂದೆ. ಖುಷಿಗೆ ಅಳು ಬಂತು, ತಡೆಯಲಿಲ್ಲ. ಹಿರಿಯರು ನನ್ನ ತಲೆಗೆ ರುಮಾಲು ಸುತ್ತುತ್ತಿದ್ದರೆ ಅಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದ. ನನ್ನ ಕಡೆ ನೋಡಲೇ ಇಲ್ಲ.

"ಮುಂದಿನ ವರ್ಷದ ಓಟಕ್ಕ ಹೆಸರು ಈಗ ಬರಕೊಂಡ್ ಬಿಡ್ರಿ," ಎಂದ ಅವರಿಗೆ. "ನನ್ನ ಮಗಾ ಬರ್ತಾನ."

"ಅಪ್ಪಾ," ಎಂದೆ ಏದುಸಿರಿನಲ್ಲೇ, "ಸ್ವಲ್ಪ ದಮ್ ಹಿಡಿಯಪಾ."