ದೊಡ್ಡಮ್ಮ ಆಶ್ರಮ ಆರಿಸಿದ ಬಗೆ

ನನ್ನ ದೊಡ್ಡಮ್ಮ ಮದುವೆಯಾಗದೆ, ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ಎಂಬತ್ತರ ದಶಕದ ಕೊನೆಯಲ್ಲಿ ಅವರ ಮಂಡಿ ಸೋತಾಗ, ಘಾಟ್ಕೋಪರ್‌ನ ನಮ್ಮ ಮನೆಗೇ ಬನ್ನಿ ಎಂದೆ.

"ನಿಮ್ಮದು ಮೂರನೇ ಮಾಳಿಗೆ, ಲಿಫ್ಟಿಲ್ಲ. ನಂಗೆ ಪೆನ್ಷನ್ ಇದೆ, ಜಾಗ ನಾನೇ ಆರಿಸ್ಕೋತೀನಿ. ನೀನು ಜೊತೆಗೆ ಬಾ, ಸಾಕು," ಎಂದರು.

ಮೊದಲು ನೋಡಿದ ವೃದ್ಧಾಶ್ರಮದಲ್ಲಿ ಹೂದೋಟ, ಕಲರ್ ಟಿ.ವಿ. ಎಲ್ಲ ಇದ್ದು, ನನಗೆ ಬಹಳ ಹಿಡಿಸಿತು. ದೊಡ್ಡಮ್ಮ ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರ ಒಪ್ಪಿಗೆ ಕೇಳಿ, ಮೆಲ್ಲಗೆ ಹೊರಳಿಸಿ ಬೆನ್ನು ನೋಡಿದರು. ಮಲಗಿ ಮಲಗಿ ಹುಣ್ಣಾಗಿತ್ತು. ಮ್ಯಾನೇಜರನ್ನು ಕರೆಸಿ, ಮುಲಾಮು ತರಿಸಿ, ತಾವೇ ಹಚ್ಚಿ ಹೊರಟುಬಂದರು.

ಬೊರಿವಲಿಯ ಆಶ್ರಮದಲ್ಲಿ ಗೋಡೆಯ ಸುಣ್ಣ ಉದುರುತ್ತಿತ್ತು, ತಿಂಗಳ ಹಣವೂ ಹೆಚ್ಚು. ಅಲ್ಲಿಯೂ ಒಬ್ಬ ಅಜ್ಜಿಯ ಬೆನ್ನು ನೋಡಿದರು; ಒಂದು ಗೀರೂ ಇರಲಿಲ್ಲ. ಎಷ್ಟು ಹೊತ್ತಿಗೊಮ್ಮೆ ಹೊರಳಿಸುತ್ತೀರಿ ಎಂದು ಆಯಾಳನ್ನು ಕೇಳಿದರು.

"ಹರ್ ದೋ ಘಂಟೆ, ಆಂಟಿ," ಎಂದಳಾಕೆ.

"ಎರಡು ಗಂಟೆಗೊಮ್ಮೆಯಂತೆ. ಇಲ್ಲೇ ಕಣೇ," ಎಂದು ದೊಡ್ಡಮ್ಮ ಚೆಕ್ ಬುಕ್ ತೆಗೆದರು.

"ದುಡ್ಡು ಜಾಸ್ತಿಯಾಗಲ್ವಾ?" ಎಂದೆ.

"ಆಗುತ್ತೆ. ಈ ಕೆಲಸಕ್ಕೆ ಎಷ್ಟು ಕೈ ಬೇಕು ಅಂತ ನಂಗೊತ್ತು."

ಐದು ವರ್ಷ ಅಲ್ಲಿದ್ದರು. ಕಾಫಿ ಸರಿಯಿಲ್ಲವೆಂದು ಗೊಣಗಿದರೇ ಹೊರತು, ಜಾಗ ಬದಲಿಸುವ ಮಾತನ್ನು ಒಮ್ಮೆಯೂ ಆಡಲಿಲ್ಲ.