ಸಂತರಿಗೊಂದು, ಪೈಪಿಗೊಂದು

ದೇರೆಬೈಲಿನ ಮದುವೆ ಹಾಲ್‌ಗೆ ಎಸಿ ಕೂರಿಸಿದ್ದು ನಾನು. ಅಲ್ಲಿ ಮೊದಲು ನಡೆದದ್ದು ಮಾಲೀಕ ಶೆಟ್ರ ಮಗಳ ಮದುವೆ. ನನಗೂ ಊಟಕ್ಕೆ ಕರೆ ಇತ್ತು. ಹೊರಗೆ ಏಪ್ರಿಲ್ ಸೆಕೆ, ಒಳಗೆ ಬೆವರು ಒರೆಸುವವರೇ ಇಲ್ಲ. ಯಾರಾದರೂ ನನ್ನನ್ನು ಹೊಗಳಲಿ ಎಂದು ಶೆಟ್ರ ಹತ್ತಿರವೇ ನಿಂತಿದ್ದೆ. ಅವರು ನೆಂಟರಿಗೆ ಹೇಳುತ್ತಿದ್ದರು, "ಮದುವೆಗೆ ಸೆಕೆ ಕಾಡಬಾರದು ಅಂತ ಇಗರ್ಜಿಯಲ್ಲಿ ಒಂದು ಕ್ಯಾಂಡಲ್ ಹರಕೆ ಹೇಳಿದ್ದೆ. ಸಂತರು ಕೈಬಿಡಲಿಲ್ಲ, ನೋಡಿ."

ಕ್ರೈಸ್ತನಾಗಿ ಸಂತರ ಜೊತೆ ಜಗಳಕ್ಕೆ ನಿಲ್ಲಲು ಆಗುತ್ತದಾ?

ಅಷ್ಟರಲ್ಲಿ ವರನ ದೊಡ್ಡಮ್ಮನ ಪಟ್ಟೆ ಸೀರೆಯ ಮೇಲೆ ಎಸಿ ನೀರು ತೊಟ್ಟಿಕ್ಕಿತು. ಶೆಟ್ರು ನನ್ನತ್ತ ತಿರುಗಿದರು. ಕ್ರೈಸ್ತರನ್ನು ನಮ್ಮ ಕಡೆ ಕರೆಯುವ ಹಾಗೆ ನನ್ನನ್ನೂ ಅವರು ಪೊರ್ಬು ಎಂದೇ ಕರೆಯುವುದು. "ಎಂತ ಪೊರ್ಬುಗಳೇ, ನಿಮ್ಮ ಮೆಷಿನ್ ಸೋರ್ತಾ ಉಂಟಲ್ಲ?"

"ತಂಪು ಮಾಡಿದ್ದು ಸಂತರು, ಸೋರಿಸಿದ್ದು ಮಾತ್ರ ನಾನಾ?"

"ಮತ್ತೆ ಯಾರು ಮಾರಾಯ್ರೆ?"

ತಲೆಯೆತ್ತಿ ನೋಡಿದೆ. ನೀರು ಹೊರಹೋಗುವ ಪೈಪಿಗೆ ಇಳಿಜಾರು ಸಾಲದು. "ನಾನೇ," ಎಂದೆ. "ತಂಪು ಮಾಡಿದ್ದೂ ನಾನೇ."

ಕೆಲಸಕ್ಕೆ ಹೊರಡುವ ಮೊದಲು ದೇವರಲ್ಲಿ ನಾನು ಬೇಡುವುದು ಕೈಗೆ ಬಲ, ಕಣ್ಣಿಗೆ ಎಚ್ಚರ. ಅದನ್ನು ಅವನು ಕೊಡುತ್ತಾನೆ. ಪೈಪನ್ನು ಓರೆ ಮಾಡಿ ಕೂರಿಸಲು ಅವನನ್ನು ಏಣಿ ಹತ್ತಿಸಲಿಕ್ಕೆ ಆಗುವುದಿಲ್ಲ. ಕೋಟು ಕಳಚಿಟ್ಟು ನಾನೇ ಹತ್ತಿದೆ, ಸರಿಮಾಡಿದೆ.

ಮುಂದಿನ ಭಾನುವಾರ ಪೂಜೆ ಮುಗಿಸಿ ಬರುವಾಗ ಶೆಟ್ರು ಇಗರ್ಜಿಯ ಹೊರಗೆ ಎರಡು ಕ್ಯಾಂಡಲ್ ಹಚ್ಚುತ್ತಿದ್ದರು.

"ಹರಕೆ ಒಂದೇ ಅಲ್ವಾ?" ಎಂದೆ.

"ಒಂದು ಸಂತರಿಗೆ," ಎಂದರು. "ಇನ್ನೊಂದು ನಿಮ್ಮ ಪೈಪಿಗೆ."

ಮನೆಗೆ ಹೋಗುವ ದಾರಿಯಲ್ಲಿ ಹಾಲ್‌ಗೆ ಹೋಗಿ, ಪೈಪನ್ನು ಇನ್ನೊಮ್ಮೆ ನೋಡಿ ಬಂದೆ.