ಹದಿಮೂರು ಪುಟದ ಮುನ್ನುಡಿ

ಚಿಕ್ಕಬಳ್ಳಾಪುರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವುದು ನನ್ನ ಕೆಲಸವಾಗಿತ್ತು. ಮಿಡ್ಲ್ ಸ್ಕೂಲು ಅರ್ಧಕ್ಕೆ ಬಿಟ್ಟು ಸೇರಿದವನು. ಲಗ್ನಪತ್ರಿಕೆ, ನಾಟಕದ ಕರಪತ್ರ, ಕಚೇರಿಯ ನಮೂನೆ, ಏನು ಬಂದರೂ ಅಕ್ಷರಕ್ಕೆ ಅಕ್ಷರ ಕೂಡಿಸಿ ಕೊಡುತ್ತಿದ್ದೆ. ತಪ್ಪು ಬಿಟ್ಟವನೆಂದು ಯಾರಿಂದಲೂ ಅನ್ನಿಸಿಕೊಂಡವನಲ್ಲ. ಹಾಗೆ ಕೂಡಿಸುತ್ತ ಕೂಡಿಸುತ್ತ ನಾನೇ ಏಳು ಕತೆ ಬರೆದೆ. ಬೆಂಗಳೂರಿನ ವಾರಪತ್ರಿಕೆಗಳಿಗೆ ಕಳಿಸಿದ್ದೆಲ್ಲ ವಾಪಸು ಬಂತು. ಕಡೆಗೆ ನಮ್ಮ ಯಜಮಾನರೇ, ಕಾಗದ ನೀನು ತಂದರೆ ಭಾನುವಾರಗಳಂದು ಮೆಷಿನ್ನು ಬಿಟ್ಟುಕೊಡುತ್ತೇನೆ ಎಂದರು. ಐವತ್ತರ ದಶಕದ ಕೊನೆ. ಕಾಗದ ಸಿಗುವುದೇ ಕಷ್ಟ. ನನಗೆ ಸಿಕ್ಕಿದ್ದು ಆರು ಫಾರಂಗೆ ಆಗುವಷ್ಟು. ಒಂದು ಫಾರಂ ಎಂದರೆ ಹದಿನಾರು ಪುಟ.

ಏಳನೆಯ ಕತೆ ನಮ್ಮ ಅಪ್ಪನದು. ಶಿಡ್ಲಘಟ್ಟದಲ್ಲಿ ಚರಕದ ಮುಂದೆ ಕೂತು, ಕುದಿಯುವ ನೀರಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದ ಅಪ್ಪನ ಬೆರಳುಗಳ ಚರ್ಮ ಸದಾ ಸುಲಿದಿರುತ್ತಿತ್ತು. ಅವನಿಗೆ ಓದು ಬಾರದು. ಒಮ್ಮೆ ಕೈಬರಹದಿಂದ ಓದಿ ಹೇಳಿದ್ದೆ. ಸುಮ್ಮನೆ ಕೇಳಿಸಿಕೊಂಡವನು ಮಾರನೆಯ ದಿನವೇ ಗೂಡು ಮಾರುವ ಕಡೆಯೆಲ್ಲ, "ನಮ್ ಹುಡ್ಗ ನನ್ನ ಬುಕ್ಕಲ್ಲಿ ಹಾಕ್ತಾವ್ನೆ" ಎಂದು ಹೇಳಿಕೊಂಡು ಬಂದಿದ್ದ. ಆಮೇಲೆ ಊರಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ: "ಬಂತೇನಪ್ಪಾ ಬುಕ್ಕು?"

ಆ ಕತೆಯನ್ನು ಕೊನೆಯ ಫಾರಂಗೆಂದು ಇಟ್ಟುಕೊಂಡೆ. ಒಳ್ಳೆಯದನ್ನು ಕೊನೆಗೆ ಉಣ್ಣುವುದು ನನ್ನ ಅಭ್ಯಾಸ. ಐದು ಫಾರಂ ಅಚ್ಚಾದ ಮೇಲೆ ಯಜಮಾನರು, "ಮುನ್ನುಡಿ ಯಾರ್ದಪ್ಪಾ?" ಎಂದರು.

"ನಂದೇ ಕತೆ, ಇನ್ನೊಬ್ರ ಮಾತ್ಯಾಕೆ ಸ್ವಾಮಿ?"

"ನಿನ್ ಹೆಸ್ರು ನಿಮ್ ಬೀದೀಲೇ ಯಾರಿಗೂ ಗೊತ್ತಿಲ್ಲ ಕಣೋ. ಚಿಂತಾಮಣಿ, ಗೌರಿಬಿದನೂರು ಹೈಸ್ಕೂಲ್ನೋರು ಲೈಬ್ರರಿಗೆ ತಗೋಬೇಕಂದ್ರೆ ಒಂದು ದೊಡ್ಡ ಹೆಸ್ರು ಇರ್ಬೇಕು. ಇಲ್ದಿದ್ರೆ ಈ ಗಂಟೆಲ್ಲ ಇಲ್ಲೇ ಇಲಿ ತಿಂತವೆ."

ಒಬ್ಬ ಪ್ರಸಿದ್ಧ ಸಾಹಿತಿಗಳು ಬೇಸಿಗೆಗೆಂದು ನಂದಿ ಬೆಟ್ಟದ ಮೇಲೆ ಬಂದು ತಂಗಿದ್ದರು. ಯಾರ ಮುಂದೆಯೂ ಕೈಚಾಚಿದವನಲ್ಲ ನಾನು. ಆದರೂ ಅಚ್ಚಾದ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿದೆ. ಮೂರನೆಯ ಸಲ ಹೋದಾಗ ಒಳಗೆ ಕರೆದರು.

"ಎಲ್ಲೀವರೆಗೆ ಓದಿದೀರಿ?"

"ಮಿಡ್ಲ್ ಸ್ಕೂಲು. ಪೂರ್ತಿ ಆಗಲಿಲ್ಲ."

"ಹಾಗಾದ್ರೆ ಮುನ್ನುಡಿ ಬೇಕೇ ಬೇಕು ಬಿಡಿ," ಎಂದು ನಕ್ಕರು. ಚೀಲದಿಂದ ಒಂದು ಪೊಟ್ಟಣ ತೆಗೆದರು. ಮೆತ್ತನೆಯ ಬಟ್ಟೆಯೊಳಗೆ ಅವರದೇ ಮುಖದ ಬ್ಲಾಕು, ಭಾವಚಿತ್ರ ಅಚ್ಚುಹಾಕುವ ಸತುವಿನ ತಗಡು. ಹೋದಲ್ಲೆಲ್ಲ ಜೊತೆಗಿಟ್ಟುಕೊಂಡೇ ಓಡಾಡುತ್ತಿದ್ದರಂತೆ. "ಮುನ್ನುಡಿ ಎದುರಿಗೇ ಹಾಕಿ. ಮಸಿ ಜಾಸ್ತಿ ಬಳೀಬೇಡಿ, ಮೀಸೆ ಹರಡುತ್ತೆ."

ಚಿತ್ರಕ್ಕೂ ಮುನ್ನುಡಿಗೂ ಸೇರಿ ಎರಡು ಪುಟ ಸಾಕೆಂದು ನಾನು ಲೆಕ್ಕ ಹಾಕಿದ್ದೆ. ಅಪ್ಪನ ಕತೆಗೆ ಹನ್ನೆರಡು, ಹೆಸರಿನ ಹಾಳೆಗೆ ಎರಡು. ಕೊನೆಯ ಫಾರಂ ಸರಿಹೋಗುತ್ತಿತ್ತು. ಟಪಾಲಿನಲ್ಲಿ ಬಂದದ್ದು ಹದಿಮೂರು ಪುಟಕ್ಕಾಗುವ ಮುನ್ನುಡಿ. ಅವರ ಬಾಲ್ಯ, ಅವರ ತಂದೆಯವರು, ಅವರಿಗಾದ ಸನ್ಮಾನಗಳು, ಡೆಲ್ಲಿ ಪ್ರಯಾಣ, ಸದ್ಯದಲ್ಲೇ ಹೊರಬರಲಿರುವ ಅವರ ಮೂರು ಗ್ರಂಥಗಳು. ನನ್ನ ಬಗ್ಗೆ ಕೊನೆಯಲ್ಲಿ ಎರಡು ಸಾಲು. ಅಲ್ಲೂ ಕತೆಗಳ ಮಾತಿಲ್ಲ. ಶ್ರಮಜೀವಿಗಳೂ ಅವರ ಬರಹ ಓದಿ ಲೇಖನಿ ಹಿಡಿಯುತ್ತಿರುವುದು ಸಂತೋಷವೆಂದು. ಕೆಳಗೆ, ಒಂದಕ್ಷರವೂ ಬದಲಾಗಕೂಡದು ಎಂಬ ಸೂಚನೆ.

"ಸ್ವಲ್ಪ ಕತ್ತರಿಸೋಣ್ವಾ ಸ್ವಾಮಿ?" ಎಂದು ಯಜಮಾನರನ್ನು ಕೇಳಿದೆ.

"ಅವ್ರು ಬೇಜಾರಾಗಿ ಒಂದ್ ಮಾತಾಡಿದ್ರೆ ಒಬ್ಬ ಹೆಡ್ಮಾಸ್ಟ್ರೂ ನಿನ್ ಬುಕ್ಕು ಮುಟ್ಟಲ್ಲ. ಒಂದ್ ಕತೆ ಬಿಡು. ಆರು ಸಾಲ್ದಾ ನಿಂಗೆ? ಅದನ್ನ ಮುಂದಿನ ಬುಕ್ಕಿಗೆ ಹಾಕ್ಕೊಳೋವಂತೆ."

ಇನ್ನೊಂದು ಫಾರಂಗೆ ಕಾಗದವಿರಲಿಲ್ಲ, ಸಿಗುವ ದಾರಿಯೂ ಇರಲಿಲ್ಲ. ಅಚ್ಚಾಗದೆ ಉಳಿದದ್ದು ಅಪ್ಪನ ಕತೆಯೊಂದೇ. ಎರಡು ಭಾನುವಾರ ಸುಮ್ಮನೆ ಕೂತೆ. ಮೂರನೆಯ ಭಾನುವಾರ ಆ ಮುನ್ನುಡಿಯನ್ನು ನಾನೇ ಜೋಡಿಸಲು ಶುರುಮಾಡಿದೆ. ಐದನೆಯ ಪುಟಕ್ಕೆ ಬರುವಷ್ಟರಲ್ಲಿ 'ನಾ' ಅಕ್ಷರದ ಮೊಳೆಯಿದ್ದ ಖಾನೆ ಖಾಲಿ. ಅಷ್ಟು ಸಲ 'ನಾನು'. ಮೊದಲ ನಾಲ್ಕು ಪುಟ ಅಚ್ಚುಹಾಕಿ, ಆ ಮೊಳೆಗಳನ್ನು ಬಿಚ್ಚಿಕೊಂಡು ಮುಂದುವರಿಸಬೇಕಾಯಿತು. ಅದರಲ್ಲೂ ಒಂದು ತಪ್ಪು ಬಿಡಲಿಲ್ಲ. ಯಾಕೆ ಬಿಡಲಿಲ್ಲವೋ ಇವತ್ತಿಗೂ ತಿಳಿಯದು.

ಪುಸ್ತಕ ಹೊಲಿದು ಬಂದ ದಿನ ಒಂದು ಪ್ರತಿ ಹಿಡಿದು ಶಿಡ್ಲಘಟ್ಟಕ್ಕೆ ಹೋದೆ. ಅಪ್ಪನಿಗೆ ಹೇಳಬೇಕಾದ ಮಾತನ್ನು ಬಸ್ಸಿನುದ್ದಕ್ಕೂ ಕೂಡಿಸಿಕೊಂಡಿದ್ದೆ. ಅವನು ಚರಕ ನಿಲ್ಲಿಸಿ, ಕೈ ಒರೆಸಿಕೊಂಡು, ಅಕ್ಕಪಕ್ಕದ ಚರಕದವರನ್ನೂ ಕೂಗಿ ಕರೆದ. ಪುಸ್ತಕ ಬಿಚ್ಚಿದರೆ ಚಿತ್ರವಿದ್ದ ಕಡೆಗೇ ತೆರೆದುಕೊಂಡಿತು.

"ಇವ್ರ್ಯಾರಪ್ಪ?"

"ದೊಡ್ಡೋರು. ಹರಸಿ ಬರ್ದವ್ರೆ."

"ಆಗ್ಲಿ, ನಂದು ಓದು. ಎಲ್ರೂ ಕೇಳ್ಲಿ."

ಚಿತ್ರದ ಎದುರಿನ ಪುಟದ ಮೇಲೆ ಕಣ್ಣಿಟ್ಟು, ಬಾಯಿಪಾಠವಾಗಿದ್ದ ಅವನ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಕೇಳಿದವರು "ಚೆನ್ನಾಗದೆ" ಎನ್ನುತ್ತ ಎದ್ದರು. ಒಬ್ಬ ಅಪ್ಪನ ಬೆನ್ನು ತಟ್ಟಿ, "ಇನ್ಮೇಲೆ ನಿನ್ ಮಾತಾಡ್ಸೋಕೆ ಚೀಟಿ ಬರ್ದು ಕಳಿಸ್ಬೇಕೇನಣ್ಣ?" ಎಂದ.

ಅಪ್ಪ ಅವರೆಲ್ಲ ಹೋಗುವವರೆಗೆ ಕಾದಿದ್ದ.

"ಅಷ್ಟುದ್ದ ಓದ್ದೆ. ಒಂದ್ ಹಾಳೇನೂ ಮಗುಚಲಿಲ್ವಲ್ಲಪ್ಪ," ಎಂದ.

ನಾನು ಆಗ ಮಗುಚಿದೆ. ಆ ಕಡೆಯ ಮುನ್ನುಡಿಯಲ್ಲೂ ಆ ದೊಡ್ಡವರೇ ಇದ್ದರು.